ಶಾಕಬ್ಸರ್: ಏಟು ತಿನ್ನುವುದು ಸ್ಪ್ರಿಂಗು, ಹೆಸರು ಮಾತ್ರ ಇದಕ್ಕೆ

ಹಳೆ ಕಾರು ಮಾರುವವರ ಜಾಹೀರಾತಿನಲ್ಲಿ ‘ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿ ಹಿಂಭಾಗ ಎತ್ತರಿಸಲಾಗಿದೆ’ ಎಂಬ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಡಿಕ್ಕಿಯಲ್ಲಿ ನಾಲ್ಕು ಮೂಟೆ ಅಕ್ಕಿ ಇಟ್ಟಾಗ ಕಾರು ಕೂತರೆ ‘ಶಾಕ್ ಹೋಗಿದೆ’. ಗುಂಡಿಯಲ್ಲಿ ದಡಕ್ ಎಂದರೂ ಅದೇ ಮಾತು, ಸೀಟಿನಲ್ಲಿ ಕೂತವರಿಗೆ ಸೊಂಟ ನೋವು ಬಂದರೂ ಅದೇ ಮಾತು. ಪತ್ರಿಕೆಯ ವಾಣಿಜ್ಯ ಪುಟಕ್ಕೆ ಹೋದರೆ ಅಲ್ಲಿ ಇದೇ ಪದ ‘ಆಘಾತ ಹೀರಕ’ವಾಗಿ ರೂಪಾಯಿಗೂ ಬಜೆಟ್ಟಿಗೂ ಅಂಟಿಕೊಂಡಿರುತ್ತದೆ. ಈ ಬಳಕೆಗಳ ಹಿಂದೆಲ್ಲ ಒಂದೇ ನಂಬಿಕೆ: ರಸ್ತೆಯ ಏಟನ್ನು ಚಕ್ರದ ಬಳಿಯಿರುವ ಈ ಕೊಳವೆ, ಗ್ಯಾರೇಜಿನ ಮಾತಿನ ಶಾಕಬ್ಸರ್, ನುಂಗುತ್ತದೆ, ಕಾರಿನ ಭಾರವನ್ನೂ ಇದೇ ಹೊರುತ್ತದೆ. ಎರಡೂ ತಪ್ಪು.

ಏಟು ತಿನ್ನುವುದು ಸ್ಪ್ರಿಂಗು, ಭಾರ ಹೊರುವುದೂ ಸ್ಪ್ರಿಂಗು. ಚಕ್ರ ಹಂಪ್ಸ್ ಹತ್ತಿದಾಗ ಸ್ಪ್ರಿಂಗು ಕುಗ್ಗಿ ಆ ಏಟಿನ ಶಕ್ತಿಯನ್ನು ಒಳಗಿಟ್ಟುಕೊಳ್ಳುತ್ತದೆ. ಆದರೆ ಸ್ಪ್ರಿಂಗಿಗೆ ಇಟ್ಟುಕೊಳ್ಳುವುದು ಗೊತ್ತು, ಕರಗಿಸುವುದು ಗೊತ್ತಿಲ್ಲ. ತೆಗೆದುಕೊಂಡದ್ದನ್ನೆಲ್ಲ ವಾಪಸ್ ಕೊಡುತ್ತದೆ, ಕಾರು ಮೇಲೇಳುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಏಳುತ್ತದೆ. ಜೋಕಾಲಿಯನ್ನು ಒಮ್ಮೆ ತಳ್ಳಿ ಬಿಟ್ಟ ಹಾಗೆ. ಈ ಓಲಾಟವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕಬ್ಸರಿನ ಕೆಲಸ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತುಗಳೂ ತೆಳು ಉಕ್ಕಿನ ಬಿಲ್ಲೆಗಳೂ ಇರುವ ಪಿಸ್ಟನ್. ಪಿಸ್ಟನ್ನಿಗೆ ಜೋಡಿಸಿದ ರಾಡು ಚಲಿಸಿದಾಗ ಎಣ್ಣೆ ಆ ತೂತುಗಳಲ್ಲಿ ತಿಣುಕಿಕೊಂಡು ಹಾಯುತ್ತದೆ. ಚಲನೆಯ ಶಕ್ತಿ ಶಾಖವಾಗಿ ಗಾಳಿಗೆ ಹೋಗುತ್ತದೆ.

ಇದರಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಸಾಮಾನ್ಯ ಕಾರುಗಳ ಶಾಕಬ್ಸರನ್ನು ಒತ್ತುವುದಕ್ಕಿಂತ ಎಳೆಯುವುದಕ್ಕೆ ಹೆಚ್ಚು ಬಲ ಬೇಕು, ಹಲವು ಸಲ ಎರಡು-ಮೂರು ಪಟ್ಟು. ಅಂದರೆ ಚಕ್ರ ಏಟು ತಿನ್ನುವ ಗಳಿಗೆಯಲ್ಲಿ ಅದು ಸ್ಪ್ರಿಂಗಿಗೆ ದಾರಿ ಬಿಟ್ಟು ಸರಿದು ನಿಲ್ಲುತ್ತದೆ, ಸ್ಪ್ರಿಂಗು ವಾಪಸ್ ಚಿಮ್ಮುವಾಗ ಹಿಡಿದೆಳೆಯುತ್ತದೆ. ಹೆಸರಿನಲ್ಲಿರುವ ‘ಶಾಕ್’ ಮುಗಿದ ಮೇಲೆಯೇ ಅದರ ಮುಖ್ಯ ಕೆಲಸ ಶುರು.

ಹಾಗಾದರೆ ಈ ಹೆಸರು ಎಲ್ಲಿಂದ ಬಂತು? ‘ಶಾಕ್’ ಫ್ರೆಂಚಿನ ಢೀ ಕೊಡು ಎಂಬರ್ಥದ ಮಾತಿನಿಂದ ಇಂಗ್ಲಿಷಿಗೆ ಬಂದದ್ದು. ಮೊದಲು ಎದುರುಬದುರಾದ ಸೇನೆಗಳು ಒಂದಕ್ಕೊಂದು ಅಪ್ಪಳಿಸುವುದನ್ನು ಹೇಳುತ್ತಿತ್ತು. ‘ಅಬ್ಸಾರ್ಬ್’ ಲ್ಯಾಟಿನ್ನಿನ ಹೀರು ಎಂಬುದರಿಂದ. ಎರಡನ್ನೂ ಸೇರಿಸಿ ಹೆಸರಿಟ್ಟ ಕಾಲದಲ್ಲಿ, ಅಂದರೆ 20ನೇ ಶತಮಾನದ ಮೊದಲ ವರ್ಷಗಳಲ್ಲಿ, ಕಾರಿಗೆ ಕಟ್ಟುತ್ತಿದ್ದದ್ದು ಉಜ್ಜಾಟದಿಂದ ಕೆಲಸ ಮಾಡುವ ಬಿಲ್ಲೆಗಳ ಜೋಡಿ. ಫ್ರಾನ್ಸಿನ ಟ್ರುಫೋ ಕಂಡುಹಿಡಿದದ್ದನ್ನು ಅಮೆರಿಕದಲ್ಲಿ ಹಾರ್ಟ್‌ಫರ್ಡ್ ಮಾರಾಟಕ್ಕೆ ತಂದ. ಅದು ಆಗಲೂ ಏಟನ್ನು ಹೀರುತ್ತಿರಲಿಲ್ಲ, ಪುಟಿತವನ್ನು ಉಜ್ಜಿ ತಡೆಯುತ್ತಿತ್ತು. ಅದಕ್ಕೂ ಹಿಂದಿನ ಕುದುರೆಗಾಡಿಗಳಿಗೆ ಇಂಥದ್ದೇನೂ ಬೇಕಿರಲಿಲ್ಲ. ಕಾರಣ, ಲೀಫ್ ಸ್ಪ್ರಿಂಗಿನ ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಂಡು ಓಲಾಟವನ್ನು ತಾವೇ ತಕ್ಕಮಟ್ಟಿಗೆ ಕೊಲ್ಲುತ್ತವೆ, ಗಾಡಿಯ ವೇಗವೂ ಕಡಿಮೆ. ಸುರುಳಿ ಸ್ಪ್ರಿಂಗಿನಲ್ಲಿ ಆ ಉಜ್ಜಾಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದಕ್ಕೇ ಇಂದಿನ ಕಾರು ಶಾಕಬ್ಸರ್ ಕೆಟ್ಟ ಕೂಡಲೇ ದೋಣಿಯಾಗುತ್ತದೆ.

ಬ್ರಿಟಿಷ್ ಎಂಜಿನಿಯರುಗಳು ಈ ಭಾಗವನ್ನು ‘ಡ್ಯಾಂಪರ್’ ಎನ್ನುತ್ತಾರೆ. ಸರಿಯಾದ ಹೆಸರು ಅದೇ. ಅದನ್ನೂ ‘ತೇವ ಮಾಡುವುದು’ ಎಂದು ಕನ್ನಡಿಸಿದ್ದನ್ನು ನೋಡಿದ ಮೇಲೆ ಇಷ್ಟು ಹೇಳಲೇಬೇಕು: ‘ಡ್ಯಾಂಪ್’ ಪದದ ಬುಡದಲ್ಲಿ ನೀರಿಲ್ಲ, ಆವಿ ಇದೆ. ಜರ್ಮನ್ನಿನಲ್ಲಿ ಇವತ್ತಿಗೂ ‘ಡಾಂಫ್’ ಎಂದರೆ ಹಬೆ. ಇಂಗ್ಲಿಷಿನಲ್ಲಿ ಅದು ಮೊದಲು ಗಣಿಯೊಳಗಿನ ವಿಷಗಾಳಿಗೆ ಹೆಸರಾಯಿತು. ಬೆಂಕಿ ಹತ್ತುವ ಗಾಳಿ ‘ಫೈರ್‌ಡ್ಯಾಂಪ್’, ಉಸಿರು ಕಟ್ಟಿಸುವ ಗಾಳಿ ‘ಚೋಕ್‌ಡ್ಯಾಂಪ್’. ಹಾಗೆ ‘ಡ್ಯಾಂಪ್’ ಮಾಡು ಎಂದರೆ ಉಸಿರು ಕಟ್ಟಿಸು, ಅಡಗಿಸು, ಉರಿಯನ್ನು ನಂದಿಸು ಎಂದಾಯಿತು. ಒದ್ದೆ ಎಂಬ ಅರ್ಥ ಆಮೇಲೆ ಬಂದದ್ದು. ಪಿಯಾನೊದ ತಂತಿಯನ್ನು ಸುಮ್ಮನಾಗಿಸುವ ಉಣ್ಣೆಯ ತುಂಡಿಗೂ ‘ಡ್ಯಾಂಪರ್’ ಎಂದೇ ಹೆಸರು. ತಂಬೂರಿಯ ತಂತಿ ಮೀಟಿ ಅದರ ಮೇಲೆ ಬೆರಳಿಟ್ಟು ನೋಡಿ: ಮೀಟನ್ನು ಬೆರಳು ತಡೆಯಲಿಲ್ಲ, ಮೀಟಿದ ಮೇಲಿನ ಕಂಪನವನ್ನು ತಡೆಯಿತು. ಕಾರಿನ ಕೆಳಗೆ ಆಗುವುದೂ ಇಷ್ಟೇ.

ಕನ್ನಡದ ಪರ್ಯಾಯಗಳ ಪಾಡು ಇನ್ನೂ ಕಷ್ಟ. ‘ಆಘಾತ ಶೋಷಕ’ ಎಂದು ಬರೆಯುವವರಿದ್ದಾರೆ. ಶೋಷಕ ‘ಶುಷ್’ ಧಾತುವಿನದು, ‘ಶುಷ್ಕ’ದ ನಂಟ, ಒಣಗಿಸುವುದು ಎಂದರ್ಥ. ಓದುಗರಿಗೆ ಹೊಳೆಯುವುದು ಮಾತ್ರ ಜನರನ್ನು ಶೋಷಿಸುವವನು. ಎಣ್ಣೆಯಲ್ಲಿ ಮುಳುಗಿರುವ ಯಂತ್ರಕ್ಕೆ ಈ ಎರಡು ಅರ್ಥಗಳೂ ಒಗ್ಗುವುದಿಲ್ಲ. ಅದನ್ನೂ ‘ಅಘಾತ’ ಎಂದು ಹ್ರಸ್ವ ಮಾಡಿ ಬರೆಯುತ್ತಾರೆ. ‘ಆ’ ಉಪಸರ್ಗ, ಮುಂದೆ ‘ಹನ್’ ಧಾತುವಿನ ‘ಘಾತ’. ಹ್ರಸ್ವವಾದರೆ ಹೊಡೆತ ಇಲ್ಲ ಎಂದಾಗಿಬಿಡುತ್ತದೆ. ‘ಹೀರಕ’ ಇವುಗಳಿಗಿಂತ ವಾಸಿ, ಆದರೆ ಹೀರಿದ್ದು ಒಳಗೇ ಉಳಿಯಬೇಕು, ಇದು ಉಳಿಸಿಕೊಳ್ಳುವುದಿಲ್ಲ. ಅರ್ಥ ಹೇಳಲೇಬೇಕಾದಾಗ ‘ಓಲಾಟ ತಡೆ’ ಎನ್ನಬಹುದು. ಉಳಿದಂತೆ ಗ್ಯಾರೇಜಿನ ‘ಶಾಕಬ್ಸರ್’ ನಾಲಿಗೆಗೆ ಒಗ್ಗಿದ ಹೆಸರು, ಅದು ಇರಲಿ. ಹೆಸರನ್ನೇ ಅರ್ಥವೆಂದು ನಂಬಿ ದುಡ್ಡು ಸುರಿಯುವುದು ಬೇಡ.

ದುಡ್ಡು ಹೋಗುವುದು ಹೀಗೆ. ಕಾರಿನ ಹಿಂಭಾಗ ಕೂತಿದೆ ಎಂದು ಶಾಕಬ್ಸರ್ ಬದಲಿಸಿದರೆ ಎತ್ತರ ಒಂದಿಂಚೂ ಏರದು, ಸೋತಿರುವುದು ಸ್ಪ್ರಿಂಗು. ಗಡಸು ಸವಾರಿಗೆ ಟೈರಿನ ಗಾಳಿ ಹೆಚ್ಚಿರುವುದೋ ಕೀಲುಗಳಲ್ಲಿರುವ ‘ಬುಶ್’ ಎಂಬ ರಬ್ಬರ್ ಸತ್ತಿರುವುದೋ ಕಾರಣವಾಗಿರಬಹುದು. ‘ಗ್ಯಾಸ್ ಖಾಲಿಯಾಗಿದೆ, ಅದಕ್ಕೇ ಕಾರು ಇಳಿದಿದೆ’ ಎಂಬ ಮಾತಂತೂ ಪೂರ್ತಿ ತಲೆಕೆಳಗು. ಒಳಗಿನ ನೈಟ್ರೋಜನ್ ಇರುವುದು ಎಣ್ಣೆ ನೊರೆಯಾಗದಂತೆ ಒತ್ತಿ ಹಿಡಿಯಲು. ನೊರೆ ಬಂದರೆ ಪಿಸ್ಟನ್ ಗಾಳಿಯಲ್ಲಿ ಈಜುತ್ತದೆ, ತಡೆಯೇ ಇರುವುದಿಲ್ಲ. ಆ ಗ್ಯಾಸು ರಾಡನ್ನು ಮೇಲಕ್ಕೆ ತಳ್ಳುವ ಬಲ ಕಾರಿನ ನೂರಾರು ಕೆ.ಜಿ. ಭಾರದ ಮುಂದೆ ಲೆಕ್ಕಕ್ಕಿಲ್ಲ. ಕಾರಿನ ಶಾಕಬ್ಸರನ್ನು ಕಾರ್ಖಾನೆಯಲ್ಲೇ ಮುಚ್ಚಿ ಬೆಸೆದಿರುತ್ತಾರೆ. ಕೊರೆದು, ಎಣ್ಣೆ ತುಂಬಿ, ಮತ್ತೆ ಬೆಸೆದು ಕೊಡುವ ‘ರೀಕಂಡೀಷನ್’ ಮಾಲನ್ನು ಮುಟ್ಟಬೇಡಿ.

ನಿಜವಾಗಿ ಕೆಟ್ಟದ್ದನ್ನು ಗುರುತಿಸುವುದು ಕಷ್ಟವಲ್ಲ. ಕೊಳವೆಯ ಮೇಲ್ತುದಿಯಲ್ಲಿ ತೆಳುವಾಗಿ ಎಣ್ಣೆಯ ಮಬ್ಬು, ಅದಕ್ಕೆ ಹಿಡಿದ ಧೂಳು ಇದ್ದರೆ ಚಿಂತೆಯಿಲ್ಲ. ಎಣ್ಣೆ ಕೆಳಗಿನ ಬೋಲ್ಟಿನವರೆಗೆ ಇಳಿದು ಕೆಸರಾಗಿದ್ದರೆ ಸೀಲು ಹೋಗಿದೆ. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಸುತ್ತಲೂ ಸವರಿದಾಗ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ದಿಬ್ಬ ಸಿಕ್ಕರೆ ಚಕ್ರ ನೆಲ ಬಿಟ್ಟು ಕುಣಿಯುತ್ತಿದೆ. ಕಾರಿನ ಮೂಲೆಯನ್ನು ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು, ಆದರೆ ಅದರ ಮೇಲೆ ಅತಿಯಾದ ಭರವಸೆ ಬೇಡ. ಕಾರಿನ ಮೈ ಓಲಾಡುವುದು ಸೆಕೆಂಡಿಗೆ ಒಂದು, ಒಂದೂವರೆ ಸಲ. ಕೈಯಲ್ಲಿ ಒತ್ತಿದಾಗ ಪರೀಕ್ಷೆಯಾಗುವುದು ಅಷ್ಟೇ. ಚಕ್ರ ಕುಣಿಯುವುದು ಸೆಕೆಂಡಿಗೆ ಹತ್ತು-ಹದಿನೈದು ಸಲ. ಅಲ್ಲಿ ಸೋತ ಶಾಕಬ್ಸರ್ ಕೈಗೆ ಗಟ್ಟಿಯಾಗಿಯೇ ಕಾಣಬಹುದು. ಇದಕ್ಕಿಂತ ಒಳ್ಳೆಯದು, ಹದಗೆಟ್ಟ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ನಿಲ್ಲಿಸಿ ಎರಡೂ ಹಿಂದಿನ ಕೊಳವೆಗಳನ್ನು ಹುಷಾರಾಗಿ ಮುಟ್ಟಿ ನೋಡುವುದು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ.

ಹೆಸರಿನ ಗೊಂದಲ ಬಿಟ್ಟವರಿಗೆ ಬದಲಿಸುವ ಕ್ರಮವೂ ತಾನಾಗಿ ಅರ್ಥವಾಗುತ್ತದೆ. ಸ್ವಿಫ್ಟ್, ಬಲೆನೊ, ಪೋಲೊಗಳಂಥ ಕಾರುಗಳ ಹಿಂದೆ ಅಡ್ಡ ತೊಲೆಯಂಥ ಟಾರ್ಷನ್ ಬೀಮ್ ಇರುತ್ತದೆ, ಸ್ಪ್ರಿಂಗು ಬೇರೆ, ಶಾಕಬ್ಸರ್ ಬೇರೆ. ಭಾರ ಸ್ಪ್ರಿಂಗಿನ ಮೇಲಿರುವುದರಿಂದ ಶಾಕಬ್ಸರನ್ನು ಮನೆಯಲ್ಲೇ ಬಿಚ್ಚಬಹುದು. ಮುಂದಿನದು ಹಾಗಲ್ಲ. ಅಲ್ಲಿರುವುದು ಸ್ಟ್ರಟ್, ಸ್ಪ್ರಿಂಗು ಅದರ ಮೈಗೇ ಸುತ್ತಿ ಕುಗ್ಗಿ ಕೂತಿರುತ್ತದೆ. ಸ್ಪ್ರಿಂಗನ್ನು ಬಿಗಿಹಿಡಿಯುವ ಕಂಪ್ರೆಸರ್ ಇಲ್ಲದೆ ಅದರ ಮೇಲಿನ ನಟ್ಟು ಬಿಚ್ಚಿದರೆ ಜೀವಕ್ಕೇ ಅಪಾಯ. ಹಿಂದೆಯೂ ಸ್ಪ್ರಿಂಗು ಕೊಳವೆಗೆ ಸುತ್ತಿಕೊಂಡಿರುವ ಕಾರಾದರೆ ಮನೆಯಲ್ಲಿ ಕೈ ಹಾಕಬೇಡಿ.

ಹಿಂದಿನ ಸಂಜೆಯೇ ನಟ್ಟು ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸಮತಟ್ಟು ನೆಲದಲ್ಲಿ ಕಾರನ್ನು ಮೊದಲ ಗೇರಿನಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವೇ ಗಾಳಿಯಲ್ಲಿದ್ದಾಗ ಅದರಿಂದ ಪ್ರಯೋಜನವಿಲ್ಲ. ಚಕ್ರದ ನಟ್ಟುಗಳನ್ನೂ ಶಾಕಬ್ಸರಿನ ಮೇಲ್ನಟ್ಟನ್ನೂ ಕಾರು ನೆಲದಲ್ಲಿದ್ದಾಗಲೇ ಒಂದು ಸುತ್ತು ಸಡಿಲಿಸಿ. ಮೇಲ್ನಟ್ಟು ಕೆಲವು ಕಾರುಗಳಲ್ಲಿ ಡಿಕ್ಕಿಯ ಪಕ್ಕದ ಹೊದಿಕೆಯ ಹಿಂದಿರುತ್ತದೆ; ಕೆಲವುಗಳಲ್ಲಿ ಅದರ ಬದಲು ಚಕ್ರದ ಗೂಡಿನೊಳಗೆ ಎರಡು ಬೋಲ್ಟುಗಳಿರುತ್ತವೆ. ಜಾಕಿಯಲ್ಲಿ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಕೊಡಿ. ಸಿಮೆಂಟ್ ಇಟ್ಟಿಗೆ ಒಮ್ಮೆಲೇ ಬಿರಿಯುತ್ತದೆ, ಅದನ್ನು ಇಡಲೇಬೇಡಿ.

ಇಲ್ಲೊಂದು ಎಚ್ಚರ. ಭಾರ ಹೊರದಿದ್ದರೂ, ಈ ಕಾರುಗಳಲ್ಲಿ ಬೀಮು ಎಷ್ಟು ಕೆಳಗೆ ಜೋತುಬೀಳಬೇಕು ಎಂಬುದಕ್ಕೆ ಕಡಿವಾಣ ಶಾಕಬ್ಸರೇ. ಅದನ್ನು ಬಿಚ್ಚಿದೊಡನೆ ಬೀಮು ಕುಸಿದು ಸ್ಪ್ರಿಂಗು ಹೊರಬೀಳಬಹುದು, ಬ್ರೇಕಿನ ರಬ್ಬರ್ ಕೊಳವೆ ಎಳೆದುಕೊಳ್ಳಬಹುದು. ಆದ್ದರಿಂದ ಕೆಲಸ ಮಾಡುವ ಬದಿಯ ಚಕ್ರದ ಹತ್ತಿರ ಬೀಮಿನ ಕೆಳಗೆ ಇನ್ನೊಂದು ಜಾಕಿ ಆನಿಸಿ. ಕೆಳಗಿನ ಬೋಲ್ಟು ಬಿಗಿದುಕೊಂಡು ಬರದಿದ್ದರೆ ಸುತ್ತಿಗೆ ಎತ್ತುವ ಮೊದಲು ಆ ಜಾಕಿಯನ್ನು ಚೂರುಚೂರೇ ಏರಿಸಿ ಇಳಿಸಿ ನೋಡಿ. ಒತ್ತಡ ಕಳೆದ ಜಾಗದಲ್ಲಿ ಬೋಲ್ಟು ಬೆರಳಿಗೇ ತಿರುಗುತ್ತದೆ. ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಎರಡೂ ಬದಲಿಸಲೇಬೇಕು, ಒಂದನ್ನಷ್ಟೇ ಹೊಸದು ಹಾಕಿದರೆ ತಿರುವಿನಲ್ಲೂ ಬ್ರೇಕಿನಲ್ಲೂ ಎರಡು ಬದಿಗಳ ನಡವಳಿಕೆ ಬೇರೆಯಾಗುತ್ತದೆ.

ಮೇಲ್ನಟ್ಟು ತಿರುಗಿಸಿದರೆ ರಾಡೇ ತಿರುಗುತ್ತದೆ. ರಾಡಿನ ತುದಿಯಲ್ಲಿ ಚಪ್ಪಟೆ ಭಾಗವೋ ಅಲೆನ್ ಕೀ ಹಿಡಿಯುವ ತೂತೋ ಇರುತ್ತದೆ, ಅದನ್ನು ಹಿಡಿದು ರಿಂಗ್ ಸ್ಪ್ಯಾನರಿನಲ್ಲಿ ನಟ್ಟು ಬಿಚ್ಚಿ. ಹೊಸದರ ಹೊಳೆಯುವ ರಾಡನ್ನು ಪ್ಲೈಯರಿನಲ್ಲಿ ಕಚ್ಚಿಸಬೇಡಿ. ಉಗುರಿಗೆ ಸಿಗದಷ್ಟು ಗೀರು ಬಿದ್ದರೂ ಅದು ಸೀಲನ್ನು ದಿನವೂ ಕೆರೆಯುತ್ತದೆ, ಕೆಲವು ತಿಂಗಳಲ್ಲಿ ಎಣ್ಣೆ ಸೋರುತ್ತದೆ. ವಾಷರು, ರಬ್ಬರುಗಳ ಸಾಲನ್ನು ಬಿಚ್ಚುವ ಮೊದಲೇ ಫೋಟೊ ತೆಗೆದಿಡಿ. ಬಟ್ಟಲಿನಂಥ ವಾಷರಿನ ತಗ್ಗು ಮೊದಲು ಯಾವ ಕಡೆಗಿತ್ತೋ ಮತ್ತೆ ಹಾಕುವಾಗಲೂ ಅದೇ ಕಡೆಗಿರಬೇಕು. ಬಂಪ್ ಸ್ಟಾಪ್ ಎಂಬ ನೊರೆರಬ್ಬರಿನ ತುಂಡು ಮುಟ್ಟಿದರೆ ಪುಡಿಯಾಗುವಂತಿದ್ದರೆ ಹೊಸದು ಹಾಕಿ. ಅದು ಇಲ್ಲದೆ ಹೋದರೆ ತುಂಬಿದ ಕಾರು ಹಂಪ್ಸಿನಲ್ಲಿ ಶಾಕಬ್ಸರಿನ ತಳಕ್ಕೇ ಕುಟ್ಟುತ್ತದೆ.

ಅಂಗಡಿಯಲ್ಲಿ ಮಲಗಿಸಿಟ್ಟ ಹೊಸ ಶಾಕಬ್ಸರಿನಲ್ಲಿ ಗಾಳಿ ಪಿಸ್ಟನ್ ಇರುವ ಒಳಕೊಳವೆಗೆ ಸೇರಿರಬಹುದು. ರಾಡು ಮೇಲಾಗಿ ನೆಟ್ಟಗೆ ಹಿಡಿದು ನಿಧಾನವಾಗಿ ಪೂರ್ತಿ ಒತ್ತಿ, ಪೂರ್ತಿ ಎಳೆದು, ನಾಲ್ಕೈದು ಸಲ ಮಾಡಿ. ಮೊದಲ ಸಲ ನಡುವೆ ಎಲ್ಲೋ ಟೊಳ್ಳೆನಿಸುತ್ತದೆ, ಕೊನೆಗೆ ಉದ್ದಕ್ಕೂ ಒಂದೇ ಬಿಗುವು ಬರುತ್ತದೆ. ಇದನ್ನು ಮಾಡದೆ ಹಾಕಿದ್ದಕ್ಕೇ ‘ಹೊಸದೂ ಡಿಫೆಕ್ಟು’ ಎಂದು ವಾಪಸ್ ಒಯ್ಯುವವರಿದ್ದಾರೆ. ಗ್ಯಾಸಿನದಾದರೆ ತಾನೇ ಮೇಲೇಳುತ್ತದೆ, ಎಣ್ಣೆಯದಷ್ಟೇ ಆದರೆ ಏಳುವುದಿಲ್ಲ, ಏಳದಿರುವುದು ದೋಷವಲ್ಲ.

ಮೇಲೆ ಕೂರಿಸಿ, ಜಾಕಿಯಿಂದ ಬೀಮನ್ನು ಎತ್ತಿ ಕೆಳಗಿನ ತೂತು ಹೊಂದಿಸಿ, ಬೋಲ್ಟನ್ನು ಕೈಬಿಗಿಯಷ್ಟೇ ಕೂರಿಸಿ ಬಿಡಿ. ಅದನ್ನು ಪೂರ್ತಿ ಬಿಗಿಯುವುದು ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಹಿಂಭಾಗವನ್ನು ಕೆಲವು ಸಲ ಒತ್ತಿ ಕುಲುಕಿದ ಮೇಲೆ. ಕಾರು ಎತ್ತಿದ್ದಾಗಲೇ ಬಿಗಿದರೆ ಬೋಲ್ಟು ಹಾಯುವ ಆ ತೂತಿನೊಳಗಿನ ರಬ್ಬರ್ ಬುಶ್ ಜೋತ ಸ್ಥಿತಿಯಲ್ಲಿ ಕಚ್ಚಿಕೊಳ್ಳುತ್ತದೆ, ನೆಲಕ್ಕಿಳಿದ ಕೂಡಲೇ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಬಿಗಿತದ ಅಂಕಿ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ. ಎರಡೂ ಬದಿಗೆ ಸೇರಿ ಎರಡು-ಮೂರು ಗಂಟೆಯ ಕೆಲಸ. ಇದಾದ ಮೇಲೆ ಸಣ್ಣ ಗುಂಡಿಗಳಲ್ಲಿ ಹಿಂದಿನಿಂದ ಟಕ್ ಟಕ್ ಎಂದು ಕೇಳಿದರೆ ಶಾಕಬ್ಸರನ್ನು ದೂರುವ ಮೊದಲು ಮೇಲ್ನಟ್ಟಿನ ಬಿಗಿತ ನೋಡಿ, ಆಮೇಲೆ ಫೋಟೊ ತೆರೆದು ವಾಷರುಗಳನ್ನು ಎಣಿಸಿ.