ಕೊಳಚೆಗೂ ಬೇಕು ಹೆಪ್ಪು

ಬೆಂಗಳೂರಿನ ಬಚ್ಚಲ ನೀರು ಕೋಲಾರದ ಕೆರೆ ತುಂಬಿಸುತ್ತಿದೆ ಅಂದರೆ ಮೂಗು ಮುರಿಯುವವರೇ ಜಾಸ್ತಿ. ‘ಎಷ್ಟು ಸೋಸಿದರೂ ಕೊಳಚೆ ಕೊಳಚೆಯೇ ಅಲ್ವಾ?’ ಅನ್ನುತ್ತಾರೆ. ಓದಿದವರೂ ಹೀಗೆ ಹೇಳಿದಾಗ ಬೇಸರವಾಗುತ್ತದೆ. ಶುದ್ಧೀಕರಣ ಘಟಕದಲ್ಲಿ ಸೋಸುವುದು ಸಣ್ಣ ಕೆಲಸ. ದೊಡ್ಡ ಕೆಲಸವನ್ನೆಲ್ಲ ಮಾಡುವುದು ಬ್ಯಾಕ್ಟೀರಿಯಾ. ಕೊಳೆ ಅವಕ್ಕೆ ಊಟ.

ಇದರ ಗುಟ್ಟು ಸಿಕ್ಕಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಗಳಲ್ಲಿ ಕೊಳಚೆ ನೀರು ತುಂಬಿ ಗಾಳಿ ಊದುತ್ತಿದ್ದರು. ಮೊದಲ ಸಲ ನೀರು ಶುದ್ಧವಾಗಲು ಸುಮಾರು ಐದು ವಾರ ಬೇಕಾಯಿತು. ಯಾವ ನಗರವೂ ಅಷ್ಟು ದಿನ ಕಾಯಲಾಗದು. ಆಮೇಲೆ ಅವರು ಮೇಲಿನ ತಿಳಿಯನ್ನು ಮಾತ್ರ ಬಸಿದು, ತಳದ ಕೆಸರನ್ನು ಚೆಲ್ಲದೆ ಅದರ ಮೇಲೆಯೇ ಹೊಸ ಕೊಳಚೆ ಸುರಿದರು. ಮತ್ತೆ ಗಾಳಿ, ಮತ್ತೆ ಬಸಿಯುವುದು. ಹೀಗೆ ಮಾಡುತ್ತಾ ಹೋದಂತೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು.

ನಿನ್ನೆಯ ಮೊಸರು ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಆ ಕೆಸರೂ ಹಾಗೆಯೇ. ಆದರೆ ಇಲ್ಲಿ ಇನ್ನೊಂದು ಸೊಗಸಿದೆ. ಕೆಲವು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿ ಸಣ್ಣ ಸಣ್ಣ ಮುದ್ದೆಗಳಾಗಿ ತಳಕ್ಕೆ ಇಳಿಯುತ್ತವೆ. ಬಿಡಿಬಿಡಿಯಾಗಿ ತೇಲುವವು ತಿಳಿಯ ಜೊತೆ ಹೊರಟುಹೋಗುತ್ತವೆ. ಪ್ರತಿ ಸಲ ಕೆಸರನ್ನು ಉಳಿಸಿಕೊಂಡಾಗ, ನಮಗೆ ಗೊತ್ತಿಲ್ಲದೆಯೇ ನಾವು ಮುದ್ದೆ ಕಟ್ಟುವವರನ್ನೇ ಆರಿಸುತ್ತಿರುತ್ತೇವೆ. ಹೆಪ್ಪು ತಾನಾಗಿಯೇ ಉತ್ತಮವಾಗುತ್ತಾ ಹೋಗುತ್ತದೆ!

ಈ ಇಬ್ಬರಿಗೂ ದಾರಿ ತೋರಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬಂದು ಸೇರಿದ್ದು ಎಲ್ಲಿಗೆ ಗೊತ್ತೇ? ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಶತಮಾನದ ಹಿಂದೆಯೇ ಈ ವಿದ್ಯೆ ಬಲ್ಲವರು ನಮ್ಮೂರಲ್ಲಿದ್ದರು. ಆದರೂ ಬೆಳ್ಳಂದೂರು ಕೆರೆ ನೊರೆ ಉಗುಳಿ, 2017ರಲ್ಲಿ ಹೊತ್ತಿ ಉರಿಯುವವರೆಗೆ ನಾವು ಸುಮ್ನೆ ಕೂತಿದ್ದೆವು.

ಚೆನ್ನಾಗಿ ನಡೆಯುವ ಘಟಕದಲ್ಲಿ ಗಾಳಿ ಊದುವ ತೊಟ್ಟಿಯ ಬಳಿ ನಿಂತರೆ ಗಬ್ಬು ವಾಸನೆ ಬರುವುದಿಲ್ಲ. ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಆ ಕಂದು ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಇಟ್ಟರೆ ಕೆಸರು ಕೆಳಗೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ತೊಟ್ಟಿನ ತುದಿಯಲ್ಲಿ ಗಂಟೆಯಂತೆ ತೂಗುವ ವೋರ್ಟಿಸೆಲ್ಲಾ ಕಾಣುತ್ತದೆ. ತೇಲುವ ಬ್ಯಾಕ್ಟೀರಿಯಾಗಳನ್ನು ಗುಳುಂ ಮಾಡುವ ಜೀವಿ ಅದು. ಅದು ಸಾಕಷ್ಟು ಕಂಡರೆ ಘಟಕದವರಿಗೆ ಸಮಾಧಾನ.

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಅಷ್ಟೆಲ್ಲ ಕರೆಂಟು ಸುಟ್ಟು ತಂದ ನೀರನ್ನು ಒಂದೇ ಸಲ ಬಳಸಿ ಚೆಲ್ಲುವುದು ಯಾವ ನ್ಯಾಯ? ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ ದಿನಕ್ಕೆ 44 ಕೋಟಿ ಲೀಟರ್ ಶುದ್ಧೀಕರಿಸಿದ ನೀರನ್ನು ಕೋಲಾರದ ಕಡೆಗೆ ಕಳಿಸಲೆಂದು ರೂಪಿಸಿದ್ದು. 2018ರ ಜೂನ್‌ನಲ್ಲಿ ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆ ಅದು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ದೂಳೇ ಬರುತ್ತಿತ್ತು. ಕೆರೆಗಳು ತುಂಬಿದ ಮೇಲೆ ಸುತ್ತಮುತ್ತ ಅಂತರ್ಜಲ ಮೇಲೆ ಬಂತು. ಈ ನೀರು ನೇರವಾಗಿ ಕುಡಿಯುವುದಕ್ಕಲ್ಲ, ನೆಲಕ್ಕೆ ಇಂಗಿಸುವುದಕ್ಕೆ.

ಹಾಗಂತ ಕೋಲಾರದವರ ಆತಂಕವನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದು ತಪ್ಪು. ಶುರುವಾದ ಕೆಲವೇ ವಾರಗಳಲ್ಲಿ ಅಲ್ಲೂ ನೊರೆ ಕಾಣಿಸಿತ್ತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಬ್ಯಾಕ್ಟೀರಿಯಾ ಅನ್ನ, ಎಣ್ಣೆ, ಮಲ ತಿಂದಾವು. ಸೀಸ, ಕ್ರೋಮಿಯಂ ತಿಂದು ಮುಗಿಸಲಾರವು. ನಮೀಬಿಯಾದ ವಿಂಡ್‌ಹೂಕ್ ನಗರ 1968ರಿಂದಲೂ ಚರಂಡಿ ನೀರನ್ನೇ ಶುದ್ಧೀಕರಿಸಿ ಕುಡಿಯುತ್ತಿದೆ. ಆದರೆ ಅಲ್ಲಿ ಕಾರ್ಖಾನೆಗಳ ಕೊಳಚೆಯನ್ನು ಮನೆಗಳ ಕೊಳಚೆಗೆ ಸೇರಲು ಬಿಡುವುದಿಲ್ಲ. ಕೊನೆಗೆ ಓಝೋನ್, ಇದ್ದಿಲು, ಪೊರೆಗಳ ಹಂತಗಳನ್ನೂ ದಾಟಿಸುತ್ತಾರೆ. ಕೋಲಾರಕ್ಕೆ ಹೋಗುವ ನೀರಿನ ಶುದ್ಧೀಕರಣ ಎರಡನೇ ಹಂತಕ್ಕೇ, ಅಂದರೆ ಬ್ಯಾಕ್ಟೀರಿಯಾ ಕೊಳೆ ತಿನ್ನುವ ಹಂತಕ್ಕೇ ನಿಂತಿದೆ ಅನ್ನುವುದೇ ಅಲ್ಲಿನ ರೈತರ ತಕರಾರು. ಸಾಬೂನು ಪುಡಿಯಿಂದ ಬರುವ ರಂಜಕ ಆ ಹಂತದಲ್ಲಿ ಪೂರ್ತಿ ಹೋಗುವುದಿಲ್ಲ. ಕೆರೆಯಲ್ಲಿ ಪಾಚಿ, ಕಳೆ ಹಬ್ಬುವುದು ಅದರಿಂದಲೇ. ಉಳಿದ ಕೊಳೆ ತೆಗೆಯುವ ಮೂರನೇ ಹಂತ ಬೇಕು ಅಂತ ಅವರು ಕೇಳುತ್ತಿರುವುದು ನೂರಕ್ಕೆ ನೂರು ಸರಿ. ಅದರ ಖರ್ಚನ್ನು ನೀರು ಬಳಸಿ ಕೊಳೆ ಮಾಡಿದ ಬೆಂಗಳೂರೇ ಕೊಡಬೇಕು.