ನೇಪಾಳಕ್ಕೆ ಹೊರಟ ಹುಡುಗರಿಗೆ ಒಂದು ಮಾರ್ಕರ್ ಪೆನ್

ಎಲ್ಲಾದರೂ ದೊಡ್ಡ ಭೂಕಂಪ ಆಯಿತು ಅಂದರೆ ಮಾರನೇ ದಿನವೇ ನಮ್ಮ ಓಪಿಡಿ ಬಾಗಿಲಲ್ಲಿ ಇಬ್ಬರೋ ಮೂವರೋ ಎಂಬಿಬಿಎಸ್ ಹುಡುಗರು ನಿಂತಿರುತ್ತಾರೆ. "ಸರ್, ನಾವೂ ಹೋಗಬಹುದಾ?" 2015ರ ಏಪ್ರಿಲ್ 25ರಂದು ನೇಪಾಳ ನಡುಗಿದಾಗಲೂ ಹಾಗೇ ಬಂದಿದ್ದರು. ಆ ಮನಸ್ಸು ನೋಡಿದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೆ ನಾನೂ ಒಂದು ಮಾತು ಕೇಳುತ್ತೇನೆ: ನಮ್ಮ ವಾರ್ಡಿನಲ್ಲಿ ಸೀನಿಯರ್ ಪಕ್ಕದಲ್ಲಿಲ್ಲದೆ ನೀವು ಏನೇನು ಮಾಡುತ್ತೀರಿ? ಅಲ್ಲೂ ಅಷ್ಟೇ ಮಾಡಿ, ಒಂದು ಹೊಲಿಗೆಯೂ ಜಾಸ್ತಿ ಬೇಡ.

2010ರ ಜನವರಿ 12ರ ಭೂಕಂಪ ಆದಮೇಲೆ ಹೈಟಿಗೆ ಹೊರದೇಶದ ತಂಡಗಳು ಸಾಲುಸಾಲಾಗಿ ಬಂದಿಳಿದವು. ಒಳ್ಳೆಯ ತಂಡಗಳಿದ್ದವು, ಕ್ಯೂಬಾದಲ್ಲಿ ಓದಿದ್ದ ಹೈಟಿಯ ಯುವ ವೈದ್ಯರು ತಮ್ಮ ಜನರ ಭಾಷೆಯಲ್ಲೇ ಮಾತಾಡುತ್ತಾ ದುಡಿದರು. ತಯಾರಿಯೇ ಇಲ್ಲದೆ ಬಂದವರೂ ಇದ್ದರು. ಆಪರೇಷನ್‌ನಲ್ಲಿ ಕಾಲು ಕಳಕೊಂಡ ಎಷ್ಟೋ ರೋಗಿಗಳ ಹತ್ತಿರ ಯಾರು ಮಾಡಿದರು, ಯಾಕೆ ಮಾಡಿದರು ಅನ್ನುವ ಒಂದು ಚೀಟಿಯೂ ಇರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಕ್ಯಾಂಪಿನ ಕೊಳಚೆ ನದಿಗೆ ಸೇರಿ ಕಾಲರಾ ಹಬ್ಬಿತು, ವರ್ಷಗಳಲ್ಲಿ ಸುಮಾರು 10,000 ಜನ ಸತ್ತರು.

ಅದಕ್ಕೇ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ತಂಡಗಳಿಗೆ ಅಳತೆಗೋಲು ಇಟ್ಟಿತು. ಟೈಪ್ 1 ಅಂದರೆ ಹೊರರೋಗಿಗಳನ್ನು ನೋಡುವ ತಂಡ, ಒಂದೇ ಕಡೆ ನಿಲ್ಲುವುದಾದರೆ ಅದು ದಿನಕ್ಕೆ ಕನಿಷ್ಠ 100 ಜನರನ್ನು ನೋಡಬೇಕು. ಟೈಪ್ 2, ಅಂದರೆ ರೋಗಿಗಳನ್ನು ಸೇರಿಸಿಕೊಂಡು ಆಪರೇಷನ್ ಮಾಡುವ ತಂಡಕ್ಕೆ ಕನಿಷ್ಠ 20 ಹಾಸಿಗೆ, ದಿನಕ್ಕೆ 7 ದೊಡ್ಡ ಆಪರೇಷನ್ ಮಾಡುವಷ್ಟು ಶಕ್ತಿ ಇರಬೇಕು. ಕುಡಿಯುವ ನೀರು, ಊಟ, ಕರೆಂಟು, ಕಕ್ಕಸು ಎಲ್ಲವನ್ನೂ ತಂಡವೇ ನೋಡಿಕೊಳ್ಳಬೇಕು. ಹೋಗುವುದಾದರೆ ಅಂಥ ತಂಡದ ಒಳಗೆ ಹೋಗಿ, ಟಿಕೆಟ್ ತಗೊಂಡು ಸುಮ್ನೆ ಹೊರಡಬೇಡಿ. ಮನೆ ಮಠ ಕಳಕೊಂಡವರ ಪಾಲಿನ ನೀರಿನಲ್ಲಿ ನಾವೂ ಕೈ ಹಾಕಬಾರದು, ಅಲ್ವಾ?

ಹಾಗಾದರೆ ನಾವು ಮಾಡುವುದೇನು ಅಂತ ಹುಡುಗರು ಸಪ್ಪಗಾಗುತ್ತಾರೆ. ಬೇಕಾದಷ್ಟಿದೆ. ಭೇದಿಯಾದ ಮಗುವಿನ ಪಕ್ಕ ಕೂತು, ಒಂದು ಲೀಟರ್ ಶುದ್ಧ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್ ಕಲಸಿ, ಚಮಚ ಚಮಚವಾಗಿ ಕುಡಿಸಲು ಸರ್ಜನ್‌ಗೆ ಪುರುಸೊತ್ತು ಇರುವುದಿಲ್ಲ. ಡ್ರೆಸಿಂಗ್ ಬದಲಾಯಿಸಬೇಕು, ಟಿಟಿ ಇಂಜೆಕ್ಷನ್ ಯಾರಿಗಾಯಿತು ಯಾರಿಗಿಲ್ಲ ಅಂತ ಬರೆದಿಡಬೇಕು.

ಇನ್ನು ನನ್ನ ಮೂಳೆ ವಿಭಾಗದ್ದೇ ಒಂದು ಕೆಲಸ. ಪ್ಲಾಸ್ಟರ್ ಒಣಗಿದ ಮೇಲೆ ಅದರ ಮೇಲೇ ಮಾರ್ಕರ್‌ನಲ್ಲಿ ಮೂಳೆಯ ಚಿತ್ರ ಬಿಡಿಸಿ, ಎಲ್ಲಿ ಮುರಿದಿದೆ ಅಂತ ಗೆರೆ ಎಳೆಯಿರಿ. ಒಳಗೆ ಗಾಯ ಇದ್ದರೆ ಆ ಜಾಗವನ್ನೂ ಗುರುತಿಸಿ. ಪೆಟ್ಟಾದ ದಿನ, ಕಟ್ಟಿದ ದಿನ, ಬಿಚ್ಚಬೇಕಾದ ದಿನ ಬರೆಯಿರಿ. ಟೆಂಟಿನಲ್ಲಿ ಕಾಗದ ನೆನೆಯುತ್ತದೆ, ಎಕ್ಸ್‌ರೇ ಕಳೆದುಹೋಗುತ್ತದೆ. ಬಿಚ್ಚುವ ಹೊತ್ತಿಗೆ ನಾವ್ಯಾರೂ ಅಲ್ಲಿರುವುದಿಲ್ಲ, ಬೆಟ್ಟದ ಮೇಲಿನ ಯಾವುದೋ ಹೆಲ್ತ್ ಪೋಸ್ಟಿನವರು ಆ ಬರಹವನ್ನೇ ನೋಡಿ ಬಿಚ್ಚಬೇಕು. ನೇಪಾಳದಲ್ಲಿ ವಿಕ್ರಮ ಸಂವತ್ ಕ್ಯಾಲೆಂಡರ್, ನಮ್ಮ ಏಪ್ರಿಲ್ 25 ಅವರಿಗೆ 2072ರ ವೈಶಾಖ 12. ಪಕ್ಕದಲ್ಲಿರುವ ನೇಪಾಳಿ ನರ್ಸ್ ಅಕ್ಕನನ್ನು ಕೇಳಿ, ಎರಡೂ ತಾರೀಖು ಬರೆಯಿರಿ.