ವ್ಯಾಕ್ಸ್ ಹಚ್ಚಿದ ವಾರಕ್ಕೇ ಗೀರುಗಳು ಮತ್ತೆ ಕಾಣುವುದೇಕೆ?

ಪ್ರಶ್ನೆ: ನನ್ನದು ಕಪ್ಪು ಬಣ್ಣದ ಸ್ಪೋರ್ಟ್ಸ್ ಕಾರು. ದುಬಾರಿ ಕಾರ್ನೌಬಾ ವ್ಯಾಕ್ಸ್ ತಂದು ಹಚ್ಚಿದೆ. ಮೊದಲ ದಿನ ಕನ್ನಡಿಯಂತಿತ್ತು. ವಾರ ಕಳೆಯುವಷ್ಟರಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆಯಂಥ ಗೀರುಗಳು ಮತ್ತೆ ಕಾಣುತ್ತಿವೆ. ಇದಕ್ಕಿಂತ ಒಳ್ಳೆಯ ವ್ಯಾಕ್ಸ್ ಯಾವುದು? ಪಾಲಿಶ್ ಮಾಡಲೇಬೇಕೇ?

ಉತ್ತರ: ಹೌದು, ಪಾಲಿಶ್ ಬೇಕು. ವ್ಯಾಕ್ಸ್ ಬದಲಿಸಿದರೆ ಹಣ ಖರ್ಚಾಗುತ್ತದೆಯೇ ಹೊರತು ಗೀರು ಹೋಗುವುದಿಲ್ಲ. ವ್ಯಾಕ್ಸ್‌ನಲ್ಲಿರುವ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಅದನ್ನು ಕೆಲವು ದಿನ ಮುಚ್ಚಿತ್ತು. ಎರಡು ಸಲ ತೊಳೆದಾಗ ಎಣ್ಣೆ ಹೋಯಿತು, ಗೀರು ಉಳಿಯಿತು. ಹೊಳಪು ಅಂದರೆ ನುಣುಪು. ಮೇಲ್ಮೈ ನುಣ್ಣಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಗೀರಿದ್ದರೆ ಚದುರುತ್ತದೆ. ನುಣುಪು ತರುವುದು ಪಾಲಿಶ್‌ನ ಕೆಲಸ, ಬಂದ ನುಣುಪನ್ನು ಕಾಯುವುದು ವ್ಯಾಕ್ಸ್‌ನ ಕೆಲಸ.

ಆದರೆ ಪಾಲಿಶ್ ಅಂದರೆ ತೀಡುವುದು. ಅದರಲ್ಲಿರುವ ಸೂಕ್ಷ್ಮ ಪುಡಿ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು, ಗೀರಿನ ತಳದವರೆಗೆ ಸವೆಸುತ್ತದೆ. ಈ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಇರುತ್ತದೆ, ತಲೆಗೂದಲಿಗಿಂತ ತೆಳು. ನುಣುಪಾದ ಪಾಲಿಶ್ ಒಂದು ಸಲಕ್ಕೆ ಸುಮಾರು 1 ಮೈಕ್ರಾನ್ ತೆಗೆದರೆ, ಕಾಂಪೌಂಡ್ ಎಂಬ ಒರಟು ಪಾಲಿಶ್ ಅದರ ಹಲವು ಪಟ್ಟು ತೆಗೆಯಬಲ್ಲದು. ನೇರಳಾತೀತ ಕಿರಣವನ್ನು ತಡೆಯುವ ಅಂಶ ಇರುವುದೂ ಈ ಪದರದಲ್ಲೇ. ಹೆಚ್ಚು ತೀಡಿದರೆ ಕೆಲವು ವರ್ಷಗಳಲ್ಲಿ ಅದು ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ. ಹಾಗಾಗಿ ಗೀರು ತೆಗೆಯಬಲ್ಲವುಗಳಲ್ಲಿ ಅತ್ಯಂತ ಮೃದುವಾದ ಪಾಲಿಶ್ಶೇ ಸರಿಯಾದದ್ದು. ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ಮೀರಿದ್ದು, ಅದನ್ನು ಪೂರ್ತಿ ಅಳಿಸಲು ಹೋಗಬೇಡಿ.

ತೀಡುವ ಮೊದಲು ಕಾರನ್ನು ಶಾಂಪೂ ಹಾಕಿ ತೊಳೆದು ಒಣಗಿಸಿ. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿ. ಮರಳು ಮರಳಾಗಿ ಹತ್ತಿದರೆ ಅಂಟಿಕೊಂಡ ಕಣಗಳಿವೆ ಎಂದರ್ಥ. ಜಾರುವ ದ್ರವ ಧಾರಾಳವಾಗಿ ಸಿಂಪಡಿಸಿ, ಕಣಗಳನ್ನು ಎಳೆದುಕೊಳ್ಳುವ ಜೇಡಿಮಣ್ಣಿನಂಥ ಮುದ್ದೆಯಾದ ಕ್ಲೇ ಬಾರನ್ನು ಭಾರ ಹಾಕದೆ ನೇರ ಗೆರೆಯಲ್ಲಿ ಉಜ್ಜಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ತೊಳೆದರೂ ಮರಳು ಹೋಗುವುದಿಲ್ಲ.

ಆಮೇಲೆ ಇಡೀ ಕಾರಿಗೆ ಕೈ ಹಾಕದೆ, ಬಾನೆಟ್ ಮೇಲೆ ಟೇಪ್ ಅಂಟಿಸಿ 50 ಸೆಂ.ಮೀ. ಚೌಕದಲ್ಲಿ ಪರೀಕ್ಷೆ ಮಾಡಿ. ಡ್ಯುಯಲ್ ಆಕ್ಷನ್ ಯಂತ್ರಕ್ಕೆ, ಅಂದರೆ ಪ್ಯಾಡ್ ತಿರುಗುತ್ತಲೇ ಓಲಾಡುವ ಪಾಲಿಶ್ ಯಂತ್ರಕ್ಕೆ, ಮೃದು ಫೋಮ್ ಪ್ಯಾಡ್ ಹಾಕಿ, ಬಟಾಣಿ ಗಾತ್ರದ ಮೂರು ನಾಲ್ಕು ಹನಿ ನುಣುಪು ಪಾಲಿಶ್ ಬಿಡಿ. ಕಡಿಮೆ ವೇಗದಲ್ಲಿ ಹರಡಿ, ನಂತರ ಮಧ್ಯಮ ವೇಗಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮೂರು ಸೆಂ.ಮೀ.ನಂತೆ ನಿಧಾನವಾಗಿ ಸಾಗಿ. ಒಂದು ಸಾಲು ಹಿಂದಿನ ಸಾಲನ್ನು ಅರ್ಧ ಮುಚ್ಚಬೇಕು. ಅಡ್ಡ, ಉದ್ದ ಸೇರಿ ನಾಲ್ಕರಿಂದ ಆರು ಸುತ್ತು ಸಾಕು. ಬಹುತೇಕರು ಎಡವುವುದು ಕೈ ಓಡಿಸುವುದರಲ್ಲಿ. ಪಾಲಿಶ್ ಕೆಲಸ ಮಾಡುವ ಮೊದಲೇ ಪ್ಯಾಡ್ ಮುಂದೆ ಹೋಗಿಬಿಟ್ಟಿರುತ್ತದೆ.

ಒರೆಸಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಶೇ. 15ರಷ್ಟಿರುವ ನೀರನ್ನು ಸಿಂಪಡಿಸಿ ಮತ್ತೊಮ್ಮೆ ಒರೆಸಿ. ಪಾಲಿಶ್‌ನಲ್ಲೂ ಗೀರು ಮುಚ್ಚುವ ಎಣ್ಣೆ ಇರುತ್ತದೆ, ಅದು ಹೋದರೆ ಮಾತ್ರ ನಿಜ ಸ್ಥಿತಿ ಕಾಣುತ್ತದೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಗೀರು ಉಳಿದಿದ್ದರೆ ಅದೇ ಪಾಲಿಶ್‌ಗೆ ಸ್ವಲ್ಪ ಗಟ್ಟಿ ಪ್ಯಾಡ್ ಹಾಕಿ ಇನ್ನೊಮ್ಮೆ ತೀಡಿ. ಆಗಲೂ ಉಳಿದರೆ ಮಾತ್ರ ಪಾಲಿಶ್ ಬದಲಿಸಿ. ಗೀರು ಹೋಗಿ ಮೋಡ ಕವಿದಂತಿದ್ದರೆ, ಕಪ್ಪು ಬಣ್ಣದಲ್ಲಿ ಇದು ತಕ್ಷಣ ಕಾಣುತ್ತದೆ, ಮೃದು ಪ್ಯಾಡ್ ಮತ್ತು ನುಣುಪು ಪಾಲಿಶ್‌ನಲ್ಲಿ ಕೊನೆಯ ಸುತ್ತು ಬಾಕಿಯಿದೆ.

ಸ್ಪೋರ್ಟ್ಸ್ ಕಾರಿಗೆ ಕೆಲವು ಹೆಚ್ಚಿನ ಎಚ್ಚರಿಕೆ ಬೇಕು. ಚೂಪು ಅಂಚು, ಗಾಳಿಕಿಂಡಿಯ ಬಾಯಿ, ಮೈಮೇಲಿನ ಏಣು, ಇಲ್ಲೆಲ್ಲ ಬಣ್ಣ ತೆಳ್ಳಗಿರುತ್ತದೆ. ಟೇಪ್ ಹಾಕಿ ಅಥವಾ ಕೈಯಲ್ಲೇ ಮುಗಿಸಿ. ಫೈಬರ್‌ಗ್ಲಾಸ್, ಕಾರ್ಬನ್ ಫೈಬರ್, ಪ್ಲಾಸ್ಟಿಕ್ ಬಂಪರ್‌ಗಳು ಲೋಹದಂತೆ ಶಾಖವನ್ನು ಹರಡಿ ಬಿಡುವುದಿಲ್ಲ, ಒಂದೇ ಕಡೆ ಪ್ಯಾಡ್ ನಿಂತರೆ ಬಣ್ಣ ಸುಡುತ್ತದೆ. ಆಗಾಗ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿರಿ. ಬಣ್ಣದ ದಪ್ಪ ಅಳೆಯುವ ಕಡಿಮೆ ಬೆಲೆಯ ಮೀಟರ್‌ಗಳು ಲೋಹದ ಮೇಲಷ್ಟೇ ಕೆಲಸ ಮಾಡುತ್ತವೆ, ಈ ಭಾಗಗಳಿಗೆ ಅಲ್ಟ್ರಾಸಾನಿಕ್ ಮೀಟರ್ ಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣವಾದರೆ ಪಾಲಿಶ್, ಹೊಳಪಿನ ವ್ಯಾಕ್ಸ್ ಎರಡನ್ನೂ ಮುಟ್ಟಲೇಬೇಡಿ. ಅಲ್ಲಲ್ಲಿ ಹೊಳೆಯುವ ಕಲೆ ಬಿದ್ದರೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ.

ಈಗ ವ್ಯಾಕ್ಸ್ ಆಯ್ಕೆ. ಕಾರ್ನೌಬಾ ಬ್ರೆಜಿಲ್‌ನ ಒಂದು ತಾಳೆಮರದ ಎಲೆಯಿಂದ ಬರುವ ಮೇಣ. ಸುಮಾರು 82 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುತ್ತದೆ, ಶುದ್ಧ ರೂಪದಲ್ಲಿ ಕಲ್ಲಿನಷ್ಟು ಗಟ್ಟಿ. ಎಣ್ಣೆ, ದ್ರಾವಕ ಬೆರೆಸದೆ ಅದನ್ನು ಹಚ್ಚಲು ಬರುವುದೇ ಇಲ್ಲ. ಡಬ್ಬಿಯ ಮೇಲೆ ‘ಶೇ. 100 ಕಾರ್ನೌಬಾ’ ಅಂತ ಬರೆದಿದ್ದರೆ ಒಳಗಿರುವುದೆಲ್ಲ ಅದೇ ಎಂದು ನಂಬಬೇಡಿ. ಗಾಢ ಬಣ್ಣಕ್ಕೆ ಅದು ಕೊಡುವ ಆಳ ಚೆಂದವೇ, ಆದರೆ ಒಂದೆರಡು ತಿಂಗಳಷ್ಟೇ. ವ್ಯಾಕ್ಸ್‌ನಂತೆಯೇ ಹಚ್ಚುವ ಕೃತಕ ರಕ್ಷಣಾ ಲೇಪ, ಅಂದರೆ ಸಿಂಥೆಟಿಕ್ ಸೀಲೆಂಟ್, ನಾಲ್ಕರಿಂದ ಆರು ತಿಂಗಳು ತಾಳುತ್ತದೆ. ದಿನವೂ ಓಡುವ ಕಾರಿಗೆ ಸೀಲೆಂಟ್, ಮುಚ್ಚಿಟ್ಟು ಆಗಾಗ ತೆಗೆಯುವ ಕಾರಿಗೆ ಕಾರ್ನೌಬಾ ನಮ್ಮ ಆಯ್ಕೆ. ಎರಡೂ ಬೇಕಿದ್ದರೆ ಮೊದಲು ಸೀಲೆಂಟ್, ಅದು ಗಟ್ಟಿಯಾದ ಮೇಲೆ ವ್ಯಾಕ್ಸ್. ವ್ಯಾಕ್ಸ್‌ನ ಎಣ್ಣೆಯ ಮೇಲೆ ಸೀಲೆಂಟ್ ಹಿಡಿಯುವುದಿಲ್ಲ. ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಸಾಮಾನ್ಯವಾಗಿ ಅದರಲ್ಲೂ ತೀಡುವ ಅಂಶವಿರುತ್ತದೆ, ತಿಂಗಳು ತಿಂಗಳು ಹಚ್ಚುವಂಥದ್ದಲ್ಲ.

ನೆರಳಲ್ಲಿ, ಲೋಹ ತಣ್ಣಗಿರುವಾಗ, ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ. ದಪ್ಪಗೆ ಬಳಿದರೆ ಒರೆಸಲು ಬಾರದೆ ಪಟ್ಟೆಗಳು ಉಳಿಯುತ್ತವೆ. ಹತ್ತು ಹದಿನೈದು ನಿಮಿಷದ ನಂತರ ಬೆರಳಿಂದ ಗೀಚಿ ನೋಡಿ: ಮಸುಕಾಗದೆ ಸ್ಪಷ್ಟ ಗೆರೆ ಮೂಡಿದರೆ ಒರೆಸುವ ಹೊತ್ತಾಯಿತು. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ತಾಗದಂತೆ ನೋಡಿಕೊಳ್ಳಿ, ಬಿಳಿ ಕಲೆ ಕೂತರೆ ಸುಲಭಕ್ಕೆ ಬಿಡುವುದಿಲ್ಲ.

ಇನ್ನು, ಆ ಜೇಡರ ಬಲೆ ಹುಟ್ಟುವುದು ಹೆಚ್ಚಾಗಿ ತೊಳೆಯುವಾಗ. ಒಣ ಧೂಳನ್ನು ಬಟ್ಟೆಯಲ್ಲಿ ಒರೆಸುವುದನ್ನು ಇಂದೇ ನಿಲ್ಲಿಸಿ. ಮೊದಲು ನೀರು ಹಾಯಿಸಿ ಧೂಳು ಇಳಿಸಿ, ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ತೊಳೆಯುವ ಕೈಗವಸು ಜಾಲಿಸಲು ಬರೀ ನೀರು. ಪಾತ್ರೆ ತೊಳೆಯುವ ಸೋಪು ಬೇಡ, ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದರ ಎಳೆಗಳಿಗೆ ಪದರ ಕಟ್ಟಿ ಒರೆಸಿದಲ್ಲೆಲ್ಲ ಮಬ್ಬು ಗೆರೆ ಬಿಡುತ್ತದೆ.